ಮಾನಿಟರ್, ಲೋಟ, ಪ್ಲಾಸ್ಟಿಕ್ ಚಮಚ: ಮೇಜಿನ ಮೇಲೊಂದು ಫೋಟೊ ಬೆಂಚು ಕಟ್ಟಿದ ದಾಖಲೆ

ಚಮಚ, ಫೋರ್ಕು, ನೀರಿನ ಲೋಟ, ಸ್ಕೇಲು, ಅಡುಗೆ ಎಣ್ಣೆ. ದಿನವೂ ಕೈಗೆ ಸಿಗುವ ಇಷ್ಟನ್ನೇ ಇಟ್ಟುಕೊಂಡು ಬೇಸರ ತರಿಸದ ಚಿತ್ರ ತೆಗೆಯಲು ಕಟ್ಟಿದ ಬೆಂಚಿನ ದಾಖಲೆ ಇದು. ನೆರಳು, ಹೊಳೆಯುವ ಲೋಹ, ಗಾಜು, ಪೋಲರೈಸರ್ ಬಣ್ಣ, ಈ ನಾಲ್ಕು ಸೆಟಪ್ ನಿಂತಿವೆ. ಎಣ್ಣೆ-ನೀರಿನದು ಇನ್ನೂ ಅರ್ಧಂಬರ್ಧ. ಅದರ ತೊಂದರೆ ಏನೆಂಬುದು ಕೊನೆಯ ಹಂತದಲ್ಲಿದೆ.

ಬೆಂಚು ಅಂದರೆ ವಸ್ತು, ಬೆಳಕು, ಕ್ಯಾಮೆರಾ ಮೂರಕ್ಕೂ ಮೇಜಿನ ಮೇಲೆ ಗೊತ್ತುಮಾಡಿದ ಜಾಗ. ಅದಕ್ಕೆ ಇರುವುದು ಒಂದೇ ನಿಯಮ. ವಸ್ತುವನ್ನೂ ಕ್ಯಾಮೆರಾವನ್ನೂ ಅಲುಗದಂತೆ ಕೂರಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಅದರಲ್ಲೂ ಮೊದಲು ಬೆಳಕನ್ನು. ಚಿತ್ರ ಸಪ್ಪೆಯಾಗಿದೆ ಅನಿಸಿದ ಕೂಡಲೇ ಹೊಸ ವಸ್ತು ಹುಡುಕಿ ಹೊರಟರೆ ಹತ್ತು ಸಪ್ಪೆ ಚಿತ್ರ ಸಿಗುತ್ತವೆ, ಅಷ್ಟೆ.

ಸಾಮಾನು

ಎಪಿಎಸ್-ಸಿ ಅಳತೆಯ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ಪು) ಇರುವ ಕ್ಯಾಮೆರಾ, 50 ಮಿ.ಮೀ. ಲೆನ್ಸ್, 20 ಮಿ.ಮೀ.ನ ಒಂದು ಎಕ್ಸ್‌ಟೆನ್ಷನ್ ಟ್ಯೂಬ್ (ಹತ್ತಿರದಿಂದ ತೆಗೆಯಲು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸೇರಿಸುವ ಟೊಳ್ಳು ಕೊಳವೆ), ಟ್ರೈಪಾಡ್. 24 ಇಂಚಿನ ಎಲ್‌ಸಿಡಿ ಮಾನಿಟರ್ (ಹಳೆಯದಾದರೂ ಸರಿ, ಪರದೆಯ ಮೇಲೆ ಗೀರು ಇರಬಾರದು). ಲೆನ್ಸಿಗೆ ಹಾಕುವ ಸರ್ಕ್ಯುಲರ್ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ, ತಿರುಗಿಸಬಹುದಾದ ಫಿಲ್ಟರ್). ಒಂದೇ ಬಲ್ಬಿನ ಎಲ್‌ಇಡಿ ಟಾರ್ಚು. 30×40 ಸೆಂ.ಮೀ. ಗಾಜಿನ ಹಾಳೆ, 4 ಮಿ.ಮೀ. ದಪ್ಪ, ಅಂಚಿಗೆ ಸುತ್ತಲೂ ಟೇಪು ಸುತ್ತದೆ ಕೈ ಹಾಕಬೇಡಿ. ಕಪ್ಪು ಡ್ರಾಯಿಂಗ್ ಶೀಟು ಎರಡು, ಬಿಳಿ ಎ3 ಹಾಳೆ ನಾಲ್ಕೈದು, ಬಟ್ಟೆ ಕ್ಲಿಪ್ಪು, ಮಾಸ್ಕಿಂಗ್ ಟೇಪು, ಅಳತೆ ಟೇಪು, ಮೈಕ್ರೋಫೈಬರ್ ಬಟ್ಟೆ.

ಈ ಪಟ್ಟಿಯಲ್ಲಿ ಹೊಸದಾಗಿ ದುಡ್ಡು ಬೀಳುವುದು ಪೋಲರೈಸರ್ ಮತ್ತು ಟ್ಯೂಬಿಗೆ ಮಾತ್ರ. ಟ್ಯೂಬು ಬೇಕಾಗುವುದು ಕೊನೆಯ ಹಂತಕ್ಕೆ. ಫೋನಿನಲ್ಲೇ ಮಾಡುವವರು ಪೋಲರೈಸರ್ ಬದಲು ಪೋಲರೈಸ್ಡ್ ತಂಪು ಕನ್ನಡಕದ ಒಂದು ಕಣ್ಣನ್ನು ಲೆನ್ಸಿನ ಮುಂದೆ ಹಿಡಿದರೂ ನಡೆಯುತ್ತದೆ. ಗಾಜಿನ ಬಣ್ಣ ಚಿತ್ರಕ್ಕೆ ಅಂಟಿಕೊಳ್ಳುತ್ತದೆ, ಅದನ್ನು ಆಮೇಲೆ ಸರಿಪಡಿಸಬಹುದು.

ಹಂತ 1: ಬೆಂಚು

ಮೇಜಿನ ಒಂದು ತುದಿಗೆ ಮಾನಿಟರ್, ಅದರ ಮುಂದೆ 25 ಸೆಂ.ಮೀ. ದೂರದಲ್ಲಿ ವಸ್ತು ಇಡುವ ಜಾಗ, ಅಲ್ಲಿಂದ 50 ಸೆಂ.ಮೀ. ದೂರಕ್ಕೆ ಲೆನ್ಸು. ಮೂರೂ ಒಂದೇ ಸಾಲಿನಲ್ಲಿರಬೇಕು, ಲೆನ್ಸಿನ ನಡುವೂ ಪರದೆಯ ನಡುವೂ ಒಂದೇ ಎತ್ತರದಲ್ಲಿರಬೇಕು. ಟ್ರೈಪಾಡಿನ ಮೂರು ಕಾಲು ಬರುವಲ್ಲಿ ನೆಲದ ಮೇಲೆ ಮಾಸ್ಕಿಂಗ್ ಟೇಪಿನಿಂದ ಗುರುತು ಹಾಕಿ. ಮೇಜಿನ ಅಂಚಿನುದ್ದಕ್ಕೂ ಟೇಪು ಹಚ್ಚಿ 5 ಸೆಂ.ಮೀ.ಗೊಂದು ಗೆರೆ ಎಳೆದುಬಿಟ್ಟರೆ ಪ್ರತಿ ಸಲ ಅಳೆಯುವ ಕಾಟ ತಪ್ಪುತ್ತದೆ.

ಕ್ಯಾಮೆರಾದಲ್ಲಿ ಎಲ್ಲವೂ ಮ್ಯಾನುಯಲ್: ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ). ಮಾನಿಟರಿನ ಬಿಳಿ ಸಾಮಾನ್ಯವಾಗಿ 6500 ಕೆಲ್ವಿನ್ ಆಸುಪಾಸಿನಲ್ಲಿರುತ್ತದೆ, ಅಲ್ಲಿಗೇ ನಿಲ್ಲಿಸಿ. ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಪೋಲರೈಸರ್ ಹಂತದಲ್ಲಿ ಒಂದೊಂದು ಚಿತ್ರಕ್ಕೆ ಒಂದೊಂದು ಬಣ್ಣ ಬರುತ್ತದೆ, ಯಾವುದು ಪ್ಲಾಸ್ಟಿಕ್ಕಿನ ಬಣ್ಣ ಯಾವುದು ಕ್ಯಾಮೆರಾದ ಕಿತಾಪತಿ ಅಂತ ಗೊತ್ತೇ ಆಗುವುದಿಲ್ಲ. ಫೋನಿನಲ್ಲಾದರೆ ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸು, ಎಕ್ಸ್‌ಪೋಷರ್ರು ಎರಡನ್ನೂ ಲಾಕ್ ಮಾಡಿಕೊಳ್ಳಿ.

ಬೆಂಚು ಸಿದ್ಧವೋ ಇಲ್ಲವೋ ಎನ್ನಲು ಒಂದು ಪರೀಕ್ಷೆ ಇದೆ. ಮಾನಿಟರ್, ಟಾರ್ಚು ಎಲ್ಲ ಆರಿಸಿ, ಕೋಣೆಯ ದೀಪವನ್ನೂ ಆರಿಸಿ, ಚಿತ್ರಕ್ಕೆ ಬಳಸಬೇಕೆಂದಿರುವ ಸೆಟ್ಟಿಂಗಿನಲ್ಲೇ (ಐಎಸ್‌ಒ, ಅಂದರೆ ಸೆನ್ಸರಿನ ಸೂಕ್ಷ್ಮತೆ, 200; ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಂಡಿ, ಎಫ್/8; ಶಟರ್ 1/15 ಸೆಕೆಂಡು ಅನ್ನಿ) ಒಂದು ಶಾಟ್ ತೆಗೆಯಿರಿ. ಚಿತ್ರ ಪೂರ್ತಿ ಕಪ್ಪಾಗಿ ಬರಬೇಕು. ಏನಾದರೂ ಕಂಡರೆ ಕಿಟಕಿ ಸಂದಿಯಿಂದಲೋ ಬಾಗಿಲ ಕೆಳಗಿನಿಂದಲೋ ಬೆಳಕು ನುಗ್ಗುತ್ತಿದೆ ಎಂದರ್ಥ. ಇದನ್ನು ಮುಚ್ಚದೆ ಮುಂದೆ ಹೋದರೆ ಗಾಜಿನ ಹಂತದಲ್ಲಿ ಕಪ್ಪು ಎಂದೂ ಕಪ್ಪಾಗುವುದಿಲ್ಲ.

ಹಂತ 2: ಫೋರ್ಕು ಮತ್ತು ನೆರಳು

ಛಾಯಾಗ್ರಾಹಕ ಆಂಡ್ರೆ ಕೆರ್ಟೆಸ್ 1928ರಲ್ಲಿ ತೆಗೆದ ಫೋರ್ಕಿನ ಚಿತ್ರದಲ್ಲಿ ಇರುವುದು ಒಂದು ತಟ್ಟೆಯ ಅಂಚು, ಅದಕ್ಕೆ ಒರಗಿದ ಫೋರ್ಕು, ಎರಡರ ನೆರಳು. ಅಷ್ಟೇ. ಅಂಥದ್ದು ಮಾಡಲು ಮಾನಿಟರ್ ಬೇಡ, ಟಾರ್ಚು ಸಾಕು. ಆದರೆ ಟಾರ್ಚನ್ನು ಎಷ್ಟು ದೂರ ಇಡುತ್ತೇವೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ನೆರಳಿನ ಅಂಚು ಎಷ್ಟು ಮಸುಕಾಗುತ್ತದೆ ಎನ್ನಲು ಲೆಕ್ಕ ಸರಳ: ಬೆಳಕಿನ ಮೂಲದ ಅಗಲವನ್ನು ವಸ್ತುವಿನಿಂದ ಕಾಗದಕ್ಕಿರುವ ದೂರದಿಂದ ಗುಣಿಸಿ, ಮೂಲದಿಂದ ವಸ್ತುವಿಗಿರುವ ದೂರದಿಂದ ಭಾಗಿಸಿ. 5 ಮಿ.ಮೀ. ಎಲ್‌ಇಡಿ 1 ಮೀಟರ್ ದೂರದಲ್ಲಿದ್ದು ಫೋರ್ಕು ಕಾಗದದಿಂದ 5 ಸೆಂ.ಮೀ. ಮೇಲಿದ್ದರೆ ಅಂಚು 0.25 ಮಿ.ಮೀ. ಮಾತ್ರ ಮಸುಕು, ಬ್ಲೇಡಿನಿಂದ ಕತ್ತರಿಸಿದ ಹಾಗೆ. ಅದೇ ದೂರದಲ್ಲಿ 60 ಸೆಂ.ಮೀ. ಅಗಲದ ಕಿಟಕಿಯಿದ್ದರೆ ಮಸುಕು 3 ಸೆಂ.ಮೀ.; ಫೋರ್ಕಿನ ಹಲ್ಲುಗಳ ನೆರಳು ಒಂದರೊಳಗೊಂದು ಕರಗಿ ಬರೀ ಕಲೆಯಾಗುತ್ತದೆ. ಹಲವು ಬಲ್ಬುಗಳ ಟಾರ್ಚು ತಂದರೆ ಒಂದೊಂದು ಬಲ್ಬಿಗೆ ಒಂದೊಂದು ನೆರಳು ಬೀಳುತ್ತದೆ. ಒಂದೇ ಬಲ್ಬಿನದು ಅಂತ ಪಟ್ಟಿಯಲ್ಲಿ ಬರೆದದ್ದು ಅದಕ್ಕೇ. ಫೋನಿನ ಫ್ಲಾಶು ಈ ಕೆಲಸಕ್ಕೆ ಚೆನ್ನಾಗಿಯೇ ಒಗ್ಗುತ್ತದೆ.

ಬೆಳಕಿನ ಎತ್ತರ: 45 ಡಿಗ್ರಿಯಲ್ಲಿ ನೆರಳು ವಸ್ತುವಿನ ಎತ್ತರದಷ್ಟೇ ಉದ್ದ. 18 ಸೆಂ.ಮೀ. ಫೋರ್ಕು ನೆಟ್ಟಗೆ ನಿಂತಿದ್ದರೆ 30 ಡಿಗ್ರಿಯಲ್ಲಿ ನೆರಳು 31 ಸೆಂ.ಮೀ., 15 ಡಿಗ್ರಿಯಲ್ಲಿ 67 ಸೆಂ.ಮೀ. ಅಷ್ಟು ಕೆಳಗೆ ಹೋದರೆ ನೆರಳು ಎ3 ಕಾಗದ ದಾಟಿ ಮೇಜಿನ ಮೇಲೆ ಹರಡುತ್ತದೆ.

ಇಲ್ಲಿ ಕೆಡುವುದು ಹಿನ್ನೆಲೆ. ಟಾರ್ಚನ್ನು 30 ಸೆಂ.ಮೀ.ಗೆ ತಂದರೆ, ಕಾಗದದ ಆಚೆ ಅಂಚು 60 ಸೆಂ.ಮೀ. ದೂರದಲ್ಲಿರುವುದರಿಂದ ಅಲ್ಲಿಗೆ ತಲುಪುವ ಬೆಳಕು ಕಾಲು ಭಾಗ, ಅಂದರೆ ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಒಂದು ಕಡೆ ಸುಟ್ಟ ಬಿಳಿ, ಇನ್ನೊಂದು ಕಡೆ ಬೂದಿ. ಟಾರ್ಚು 150 ಸೆಂ.ಮೀ.ಗೆ ಹೋದರೆ ವ್ಯತ್ಯಾಸ ಅರ್ಧ ಸ್ಟಾಪಿಗಿಳಿಯುತ್ತದೆ. ಬೆಳಕು ಕಡಿಮೆಯಾಯಿತು ಅಂತ ಹತ್ತಿರ ತರಬೇಡಿ, ಶಟರನ್ನು ನಿಧಾನ ಮಾಡಿ. ಟ್ರೈಪಾಡ್ ಇರುವುದು ಏತಕ್ಕೆ.

ಟವೆಲು, ಗೋಣಿಚೀಲ, ಬ್ರೆಡ್ಡಿನ ತುಂಡು, ಗೋಡೆಯ ಗಾರೆ ಇಂಥವುಗಳಿಗೆ ಇದೇ ಟಾರ್ಚನ್ನು 10ರಿಂದ 15 ಡಿಗ್ರಿಗೆ ಇಳಿಸಿ ಮೈಮೇಲೆ ಸವರುವಂತೆ ಬಿಟ್ಟರೆ ಒಂದೊಂದು ಎಳೆಯೂ ತನ್ನದೇ ನೆರಳು ಚೆಲ್ಲುತ್ತದೆ. ಇದರಲ್ಲಿ ಬರೆಯಬೇಕಾದ್ದು ಬೇರೇನೂ ಇಲ್ಲ, ಕೆಡಿಸುವುದೇ ಕಷ್ಟ.

ಹಂತ 3: ಸ್ಟೀಲ್ ಚಮಚ

ಚಮಚದ ಚಿತ್ರ ತೆಗೆಯುವುದು ಎಂದರೆ ಚಮಚದಲ್ಲಿ ಕಾಣುವ ಕೋಣೆಯ ಚಿತ್ರ ತೆಗೆಯುವುದು. ಟ್ರೈಪಾಡ್, ಕ್ಯಾಮೆರಾ, ಹಿಂದೆ ನಿಂತವರ ಅಂಗಿ, ಎಲ್ಲವೂ ಅದರ ಹೊಟ್ಟೆಯೊಳಗೆ. ಆದ್ದರಿಂದ ಕೆಲಸ ಆಗಬೇಕಾದ್ದು ಚಮಚದ ಸುತ್ತ.

1930ರಲ್ಲಿ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ‘ಪೆಪ್ಪರ್ ನಂ. 30’ ಎಂಬ ದೊಣ್ಣೆಮೆಣಸಿನಕಾಯಿ ಚಿತ್ರ ತೆಗೆದಾಗ ಕಾಯಿಯನ್ನು ತವರದ ಆಲಿಕೆಯೊಳಗೆ ಇಟ್ಟಿದ್ದರು. ಆಲಿಕೆಯ ಒಳಮೈ ಬೆಳಕನ್ನು ಸುತ್ತಲಿಂದ ಕಾಯಿಯ ಮೇಲೆ ಮರಳಿಸುತ್ತಿತ್ತು. ಆ ಉಪಾಯವನ್ನೇ ಕಾಗದಕ್ಕೆ ಇಳಿಸಿದ್ದಾಯಿತು: ಬಿಳಿ ಎ3 ಹಾಳೆಯನ್ನು ಶಂಕುವಿನಂತೆ ಸುತ್ತಿ, ಕೆಳಗಿನ ಬಾಯಿ ಚಮಚವನ್ನು ಪೂರ್ತಿ ಮುಚ್ಚುವಂತೆ, ಮೇಲೆ 5 ಸೆಂ.ಮೀ. ತೂತು ಬಿಟ್ಟು, ಕ್ಯಾಮೆರಾವನ್ನು ಮೇಲಿನಿಂದ ಆ ತೂತಿಗೆ ಇಳಿಬಿಟ್ಟು, ಟಾರ್ಚಿನ ಬೆಳಕನ್ನು ಶಂಕುವಿನ ಹೊರಗಿನಿಂದ ಹಾಯಿಸುವುದು. ಕೋಣೆ ಮಾಯವಾಗುತ್ತದೆ. ಜೊತೆಗೆ ಚಮಚವೂ! ಸುತ್ತ ಬಿಳಿ, ಚಮಚದಲ್ಲಿ ಬಿಳಿ, ಆಕಾರವೇ ಇಲ್ಲ.

ಅದಕ್ಕೆ ಮದ್ದು ಕಪ್ಪು. 1 ಸೆಂ.ಮೀ. ಅಗಲದ ಕಪ್ಪು ಕಾಗದದ ಪಟ್ಟಿಗಳನ್ನು ಶಂಕುವಿನ ಒಳಗೋಡೆಗೆ ಮೇಲಿಂದ ಕೆಳಕ್ಕೆ ಹಚ್ಚಿದರೆ ಚಮಚದ ಬಾಗಿನ ಮೇಲೆ ಬಳುಕುವ ಕಪ್ಪು ಗೆರೆಗಳು ಬೀಳುತ್ತವೆ, ಲೋಹ ಲೋಹವಾಗುತ್ತದೆ. ಎರಡು ಪಟ್ಟಿ ಸಾಕು. ನಾಲ್ಕಾದರೆ ಪಂಜರವಾಗುತ್ತದೆ. ಲೆನ್ಸಿನ ತೂತು ಚಮಚದಲ್ಲಿ ಕಪ್ಪು ಬೊಟ್ಟಿನಂತೆ ಕಾಣುವುದನ್ನು ತಪ್ಪಿಸಲು ಆಗದು. ಚಮಚವನ್ನು ಒಂದಿಷ್ಟು ಓರೆ ಮಾಡಿ ಬೊಟ್ಟನ್ನು ಅಂಚಿಗೆ ತಳ್ಳಬಹುದು. ಕಾಗದದ ಜೋಡಣೆಯ ಗೆರೆಯೂ ಪ್ರತಿಫಲಿಸುತ್ತದೆ. ಅದನ್ನು ಹಿಡಿಕೆಯ ಕಡೆಗೆ ತಿರುಗಿಸಿಡಿ, ಅಲ್ಲಿ ಯಾರೂ ನೋಡುವುದಿಲ್ಲ.

ಹಂತ 4: ನೀರಿನ ಲೋಟ

ಗಾಜಿಗೆ ಬೆಳಕು ಎದುರಿನಿಂದ ಬಿದ್ದರೆ ಗಾಜು ಕಾಣುವುದಿಲ್ಲ, ಬೆಳಕಿನ ಕಲೆ ಕಾಣುತ್ತದೆ. ಹಿಂದಿನಿಂದ ಬರಬೇಕು. ಇದಕ್ಕೆ ಮಾನಿಟರಿನಷ್ಟು ಅನುಕೂಲದ ದೀಪ ಬೇರೆ ಸಿಗುವುದು ಕಷ್ಟ, ಏಕೆಂದರೆ ದೀಪದ ಆಕಾರವನ್ನು ಒಂದು ಸ್ಲೈಡಿನಲ್ಲಿ ಬರೆದುಕೊಳ್ಳಬಹುದು.

ಮೇಲೆ ಹೇಳಿದ ಅಳತೆಗಳಲ್ಲಿ (ಲೋಟ 50 ಸೆಂ.ಮೀ., ಪರದೆ 75 ಸೆಂ.ಮೀ.) ಫ್ರೇಮಿನಲ್ಲಿ ಕಾಣುವ ಪರದೆಯ ಭಾಗ ಸುಮಾರು 32×21 ಸೆಂ.ಮೀ. ಪರದೆಯ ಪೂರ್ತಿ ಅಳತೆ 53×30 ಸೆಂ.ಮೀ. ಈ ಎರಡು ಅಂಕಿ ಕೈಯಲ್ಲಿದ್ದರೆ ಎರಡು ಸ್ಲೈಡ್ ಸಾಕು.

ಮೊದಲ ಸ್ಲೈಡ್: ಕಪ್ಪು ಪರದೆಯ ನಡುವೆ 32×21 ಸೆಂ.ಮೀ. ಬಿಳಿ ಚೌಕ. ಹಿನ್ನೆಲೆ ಬಿಳಿ, ಲೋಟದ ಅಂಚಿಗೆ ಕಪ್ಪು ಗೆರೆ, ಪೆನ್ನಿನಲ್ಲಿ ಬರೆದಂತೆ. ಚೌಕವನ್ನು ಅಳೆಯದೆ ಪರದೆ ಪೂರ್ತಿ ಬಿಳಿ ಬಿಟ್ಟರೆ ಆ ಗೆರೆ ತೆಳುವಾಗಿ, ಬೂದು ಬಣ್ಣಕ್ಕೆ ತಿರುಗಿ ಬಿಡುತ್ತದೆ: ಗಾಜಿನ ಅಂಚು ಬಗ್ಗಿಸಿ ತರುವುದು ಫ್ರೇಮಿನ ಹೊರಗಿನ ಬೆಳಕನ್ನು, ಅಲ್ಲೂ ಬಿಳಿಯೇ ಇದ್ದರೆ ಅಂಚು ಕಪ್ಪಾಗುವುದೆಲ್ಲಿಂದ? ಇನ್ನೂ ದಪ್ಪ ಗೆರೆ ಬೇಕಿದ್ದರೆ ಲೋಟದ ಎರಡು ಬದಿಗೂ, ಫ್ರೇಮಿನಿಂದ ತುಸು ಹೊರಗೆ, ಕಪ್ಪು ಕಾಗದ ನಿಲ್ಲಿಸಿ.

ಎರಡನೆಯ ಸ್ಲೈಡ್: ಬಿಳಿ ಪರದೆಯ ನಡುವೆ ಕಪ್ಪು ಚೌಕ, 34×23 ಸೆಂ.ಮೀ., ಫ್ರೇಮಿಗಿಂತ ಒಂದಿಷ್ಟು ದೊಡ್ಡದು. ಈಗ ಎಲ್ಲ ತಿರುವುಮುರುವು: ಕತ್ತಲಲ್ಲಿ ಹೊಳೆಯುವ ಅಂಚುಗಳು. ಚೌಕ ಫ್ರೇಮಿನಷ್ಟೇ ಇದ್ದರೆ ಚಿತ್ರದ ಅಂಚಿಗೆ ಬಿಳಿ ಇಣುಕಿ, ಲೆನ್ಸಿನೊಳಗೆ ಫ್ಲೇರ್ (ಚದುರಿದ ಬೆಳಕು) ಬಂದು ಕಪ್ಪು ಹೊಗೆಯಾಡಿದಂತೆ ಆಗುತ್ತದೆ. ಲೆನ್ಸಿಗೆ ಹುಡ್ (ಬದಿಯ ಬೆಳಕು ತಡೆಯುವ ಮರೆ) ಹಾಕಿಯೇ ಇದನ್ನು ತೆಗೆಯಬೇಕು. ಈ ಸೆಟಪ್ಪಿನಲ್ಲಿ ಬೆರಳಚ್ಚು, ನೂಲು, ನೀರಿನ ಉಪ್ಪಿನ ಕಲೆ ಎಲ್ಲವೂ ನಕ್ಷತ್ರದಂತೆ ಮಿನುಗುತ್ತವೆ. ಲೋಟ ತೊಳೆದ ಮೇಲೆ ಹೊರಮೈಯನ್ನು ಬರಿಗೈಯಲ್ಲಿ ಮುಟ್ಟಬಾರದು. ಒಳಗೆ ಬೆರಳು ಹಾಕಿ ಅಗಲಿಸಿ ಎತ್ತಿ.

ಪರದೆಯ ಪಿಕ್ಸೆಲ್‌ಗಳ ಬಗ್ಗೆ ಒಂದು ಮಾತು. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ 0.277 ಮಿ.ಮೀ. ಎಫ್/8ರಲ್ಲಿ, ವಸ್ತು ಪರದೆಯಿಂದ 25 ಸೆಂ.ಮೀ. ಮುಂದಿದ್ದರೆ, ಪರದೆಯ ಮೇಲಿನ ಒಂದೊಂದು ಚುಕ್ಕಿಯೂ ಸುಮಾರು 3 ಮಿ.ಮೀ. ಅಗಲಕ್ಕೆ ಮಸುಕಾಗುತ್ತದೆ, ಅಂದರೆ ಹನ್ನೊಂದು ಪಿಕ್ಸೆಲ್ ಒಂದರೊಳಗೊಂದು ಬೆರೆಯುತ್ತವೆ, ಜಾಲರಿ ಕಾಣುವುದಿಲ್ಲ. 5 ಸೆಂ.ಮೀ.ಗೆ ತಂದು ಎಫ್/16ಕ್ಕೆ ಮುಚ್ಚಿದರೆ ಮಸುಕು ಒಂದು ಪಿಕ್ಸೆಲ್‌ನಷ್ಟು ಮಾತ್ರ, ಮ್ವಾರೆ ಪಟ್ಟೆಗಳು (ಪರದೆಯ ಜಾಲರಿ ಸೆನ್ಸರಿನ ಜಾಲರಿಯೊಡನೆ ಸೇರಿ ಹುಟ್ಟುವ ಅಲೆಗೆರೆಗಳು) ಹೆಚ್ಚುಕಡಿಮೆ ಖಚಿತ. ಹಾಗಾಗಿ ದೂರ ಕಡಿಮೆ ಮಾಡಬೇಡಿ, ಅಪರ್ಚರ್ ಮುಚ್ಚಬೇಡಿ.

ಲೋಟದ ಇನ್ನೊಂದು ಆಟ: ಹಿಂದೆ ಓರೆ ಪಟ್ಟೆಗಳ ಕಾಗದ ಇಟ್ಟರೆ ನೀರಿನೊಳಗೆ ಪಟ್ಟೆಗಳು ಎದುರು ದಿಕ್ಕಿಗೆ ವಾಲುತ್ತವೆ. ನೀರು ತುಂಬಿದ ನೇರ ಗೋಡೆಯ ಲೋಟ ಒಂದು ಲೆನ್ಸೇ. ಅದು ಎಡಬಲವನ್ನು ತಿರುಗಿಸುತ್ತದೆ, ಮೇಲುಕೆಳಗನ್ನು ಮುಟ್ಟುವುದಿಲ್ಲ. ಆದರೆ ಕಾಗದ ತೀರಾ ಹತ್ತಿರವಿದ್ದರೆ ತಿರುಗುವುದಿಲ್ಲ, ಅಗಲವಾಗುತ್ತದಷ್ಟೆ. ತಿರುಗುವ ಜಾಗ ಲೋಟದ ಹಿಂಗೋಡೆಯಿಂದ ಸುಮಾರು ಒಂದು ತ್ರಿಜ್ಯದಷ್ಟು ಹಿಂದೆ. 6.5 ಸೆಂ.ಮೀ. ವ್ಯಾಸದ ಲೋಟಕ್ಕೆ 3ರಿಂದ 4 ಸೆಂ.ಮೀ. ಅಲ್ಲಿ ಇಟ್ಟರೆ ಪಟ್ಟೆಗಳೆಲ್ಲ ಹರಡಿ ಕಲಸಿಹೋಗುತ್ತವೆ. 10–12 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಅಚ್ಚುಕಟ್ಟಾಗಿ ತಿರುಗುತ್ತದೆ. ಕೆಳಗೆ ಕಿರಿದಾಗುವ ಲೋಟದಲ್ಲಿ ಪಟ್ಟೆ ಬಾಗುತ್ತದೆ, ಕೆತ್ತನೆಯ ಲೋಟದಲ್ಲಿ ಚೂರುಚೂರಾಗುತ್ತದೆ. ಮೂರು ಲೋಟಗಳನ್ನು ಸಾಲಾಗಿ ಇಟ್ಟು ಒಂದರಲ್ಲಿ ತುಂಬ, ಒಂದರಲ್ಲಿ ಅರ್ಧ, ಒಂದು ಖಾಲಿ ಬಿಡಿ. ಒಂದೇ ಕಾಗದದಿಂದ ಮೂರು ಚಿತ್ರ.

ಹಂತ 5: ಪ್ಲಾಸ್ಟಿಕ್ಕಿನಲ್ಲಿ ಅಡಗಿದ ಬಣ್ಣ

ಬೆಂಚು ಕಟ್ಟುವ ಕಷ್ಟಕ್ಕೆ ಪೂರ್ತಿ ಬೆಲೆ ಸಿಗುವುದು ಇಲ್ಲಿ. ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಆಗಲೇ ಪೋಲರೈಸ್ ಆಗಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಲೆನ್ಸಿನ ಮುಂದೆ ಪೋಲರೈಸರ್ ಹಾಕಿ ತಿರುಗಿಸಿದರೆ ಒಂದು ಕೋನದಲ್ಲಿ ಬಿಳಿ ಪರದೆ ಕಪ್ಪಾಗುತ್ತದೆ. ನಡುವೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಚಮಚ ಹಿಡಿಯಿರಿ: ಅಚ್ಚಿಗೆ ಸುರಿದಾಗ ಒಳಗೆ ಉಳಿದ ಒತ್ತಡವೆಲ್ಲ ಕಾಮನಬಿಲ್ಲಿನ ಪಟ್ಟೆಗಳಾಗಿ ಕಾಣುತ್ತದೆ.

ಮೊದಲು ಪರೀಕ್ಷೆ. ಪರದೆ ಪೂರ್ತಿ ಬಿಳಿ, ಬ್ರೈಟ್‌ನೆಸ್ 100. ಫಿಲ್ಟರ್ ತಿರುಗಿಸಿ. ಗಾಢ ಕಪ್ಪು ಬಂದರೆ ಮುಂದೆ ಹೋಗಿ. ಬರೀ ಮಂಕಾಗಿ ನೀಲಿಗೋ ಹಳದಿಗೋ ತಿರುಗಿ ನಿಂತರೆ ಫಿಲ್ಟರ್ ಹಿಂದುಮುಂದಾಗಿದೆ. ಸರ್ಕ್ಯುಲರ್ ಪೋಲರೈಸರಿನಲ್ಲಿ ಎರಡು ಪದರ ಇರುತ್ತವೆ. ಥ್ರೆಡ್ ಇರುವ ಬದಿ ಕ್ಯಾಮೆರಾದ ಕಡೆಗೇ ಇರಬೇಕು. ಫೋನಿನ ಮುಂದೆ ಕೈಯಲ್ಲಿ ಹಿಡಿಯುವವರಿಗೆ ಈ ತಪ್ಪು ಸುಲಭವಾಗಿ ಆಗುತ್ತದೆ.

ಇನ್ನೊಂದು ಹಳ್ಳ ಇದೆ, ಬುದ್ಧಿವಂತರೇ ಹೆಚ್ಚಾಗಿ ಬೀಳುವಂಥದ್ದು. ಪಿಕ್ಸೆಲ್ ಕಾಣದಿರಲಿ ಅಂತ ಪರದೆಗೆ ಟ್ರೇಸಿಂಗ್ ಪೇಪರ್ ಅಂಟಿಸಿದ್ದಾಯಿತು. ಬೆಳಕು ಬೆಣ್ಣೆಯಂತೆ ಮೃದುವಾಯಿತು, ಬಣ್ಣ ಒಂದೂ ಉಳಿಯಲಿಲ್ಲ! ಫಿಲ್ಟರ್ ಎಷ್ಟು ತಿರುಗಿಸಿದರೂ ಪರದೆ ಕಪ್ಪಾಗಲಿಲ್ಲ. ಟ್ರೇಸಿಂಗ್ ಪೇಪರ್, ಬಿಳಿ ಬಟ್ಟೆ, ಹಾಲುಬಣ್ಣದ ಅಕ್ರಿಲಿಕ್ ಹೀಗೆ ಬೆಳಕನ್ನು ಚದುರಿಸುವ ಯಾವುದೇ ಆಗಲಿ, ಪೋಲರೈಸೇಷನ್ನನ್ನೂ ಅಳಿಸಿಬಿಡುತ್ತದೆ. ಪರದೆಗೂ ಲೆನ್ಸಿಗೂ ನಡುವೆ ವಸ್ತುವಿನ ಹೊರತು ಏನೂ ಬೇಡ. ಪಿಕ್ಸೆಲ್‌ಗೆ ಮದ್ದು ಹಿಂದಿನ ಹಂತದ 25 ಸೆಂ.ಮೀ. ದೂರವೇ.

ಯಾವ ಪ್ಲಾಸ್ಟಿಕ್? ಗಟ್ಟಿಯಾಗಿ, ಗಾಜಿನಂತೆ ಸ್ವಚ್ಛವಾಗಿ, ಬಗ್ಗಿಸಿದರೆ ಪಟ್ಟನೆ ಮುರಿಯುವಂಥದ್ದು: ಒಮ್ಮೆ ಬಳಸಿ ಎಸೆಯುವ ಚಮಚ-ಫೋರ್ಕು, ಸಿಡಿ ಡಬ್ಬಿ, ಪಾರದರ್ಶಕ ಸ್ಕೇಲು, ಕೋನಮಾಪಕ. ಸಿಡಿ ಡಬ್ಬಿಯಲ್ಲಿ ಪ್ಲಾಸ್ಟಿಕ್ ಒಳಹೊಕ್ಕ ಬಿಂದುವಿನ ಸುತ್ತ ಬಣ್ಣ ದಟ್ಟವಾಗಿ, ದೂರ ಹೋದಂತೆ ಅಗಲವಾಗಿ ಹರಡಿರುತ್ತದೆ. ಹಾಳೆಯಿಂದ ಕತ್ತರಿಸಿದ ಅಕ್ರಿಲಿಕ್‌ನಲ್ಲಿ ಬಣ್ಣ ತೀರಾ ಪೇಲವ. ಹಾಲಿನ ಛಾಯೆ ಇರುವ, ಬಗ್ಗುವ ಡಬ್ಬಿಗಳು ಪ್ರಯೋಜನವಿಲ್ಲ. ಸಾಮಾನ್ಯ ಗಾಜಿನಲ್ಲಿ ಏನೂ ಕಾಣುವುದಿಲ್ಲ, ಅದಕ್ಕೇ ಗಾಜಿನ ಹಾಳೆ ಇಲ್ಲಿ ಒಳ್ಳೆಯ ಮಣೆ.

ಚಮಚದ ಹಿಡಿಕೆಗೆ ಬಟ್ಟೆ ಕ್ಲಿಪ್ಪು ಕಚ್ಚಿಸಿ: ಕಚ್ಚಿದ ಜಾಗದ ಸುತ್ತ ಹೊಸ ಬಣ್ಣ ಏಳುತ್ತದೆ. ಎರಡು ಬೆರಳಲ್ಲಿ ಮೆಲ್ಲನೆ ಬಗ್ಗಿಸಿದರೆ ಪಟ್ಟೆಗಳು ನಿಮ್ಮ ಕಣ್ಣೆದುರೇ ಸರಿಯುತ್ತವೆ, ಬಿಟ್ಟರೆ ವಾಪಸ್ಸು ಬರುತ್ತವೆ. ಫೋರ್ಕಿನ ಹಲ್ಲುಗಳ ಬುಡದಲ್ಲಿ ಪಟ್ಟೆಗಳು ಒತ್ತೊತ್ತಾಗಿ ಸೇರಿರುವುದನ್ನು ಹತ್ತಿರದಿಂದ ತೆಗೆದರೆ ಅದು ಫೋರ್ಕು ಅಂತ ಹೇಳಿದ ಮೇಲೂ ಕೆಲವರು ನಂಬುವುದಿಲ್ಲ.

ಎಕ್ಸ್‌ಪೋಷರ್: ಐಎಸ್‌ಒ 200, ಎಫ್/8, 1/15ರಿಂದ ಶುರು ಮಾಡಿ 1/4ರವರೆಗೆ ಒಂದೊಂದು ಸ್ಟಾಪ್ ಇಳಿಯುತ್ತ ತೆಗೆಯಿರಿ. ಹಿನ್ನೆಲೆ ಕಪ್ಪಾಗಿರುವುದರಿಂದ ಕ್ಯಾಮೆರಾದ ಬೆಳಕಿನ ಮೀಟರ್ ಮಾತು ಕೇಳಿದರೆ ಬಣ್ಣಗಳು ಸುಟ್ಟು ಬಿಳಿಯಾಗುತ್ತವೆ. 1/30ಕ್ಕಿಂತ ವೇಗವಾಗಿ ಹೋದರೆ ಕೆಲವು ಪರದೆಗಳ ಮಿಣುಕು ಅಡ್ಡಪಟ್ಟೆಗಳಾಗಿ ಸಿಗುತ್ತದೆ. ಬ್ರೈಟ್‌ನೆಸ್ ಕಡಿಮೆ ಇಟ್ಟಾಗ ಈ ಕಾಟ ಹೆಚ್ಚು, 100ಕ್ಕೆ ಏರಿಸಿದ್ದು ಅದಕ್ಕೂ ಹೌದು.

ಕಪ್ಪು ಹಿನ್ನೆಲೆ ಬೇಸರವಾದರೆ ಫಿಲ್ಟರನ್ನು 90 ಡಿಗ್ರಿ ತಿರುಗಿಸಿ. ಹಿನ್ನೆಲೆ ಬಿಳಿಯಾಗುತ್ತದೆ, ಪ್ರತಿ ಬಣ್ಣವೂ ತನ್ನ ವಿರುದ್ಧ ಬಣ್ಣಕ್ಕೆ ಹೊರಳುತ್ತದೆ. ನಡುವಿನ ಕೋನಗಳಲ್ಲಿ ಬಣ್ಣ ಮಸುಕು; ಎರಡು ತುದಿಗಳೇ ಚೆಂದ. ಫೋಕಸ್ ಮಾಡುವಾಗ ಮುಂಭಾಗವೇ ತಿರುಗುವ ಹಳೆಯ ಲೆನ್ಸಾದರೆ ಮೊದಲು ಫೋಕಸ್, ಆಮೇಲೆ ಫಿಲ್ಟರ್.

ದೂಳು: ಪ್ಲಾಸ್ಟಿಕ್ ಒರೆಸಿದಷ್ಟೂ ಸ್ಥಾಯೀ ವಿದ್ಯುತ್ತು ಹುಟ್ಟಿ ದೂಳನ್ನು ಇನ್ನಷ್ಟು ಎಳೆಯುತ್ತದೆ. ಒಣಬಟ್ಟೆ ಬಿಟ್ಟು ತುಸು ಒದ್ದೆ ಮಾಡಿದ ಮೈಕ್ರೋಫೈಬರ್‌ನಿಂದ ಒಮ್ಮೆ ಎಳೆದು, ತಕ್ಷಣ ಶಾಟ್ ತೆಗೆಯಿರಿ. ಗೀರು ಬಿದ್ದ ಸ್ಕೇಲನ್ನು ಸರಿಮಾಡುವ ದಾರಿ ಇಲ್ಲ, ಬೇರೆ ತನ್ನಿ.

ಟೇಪಿನ ಚಿತ್ರ ಇದೇ ಸೆಟಪ್ಪಿನ ಮರಿ. ಗಾಜಿನ ಹಾಳೆಯ ಮೇಲೆ ಹೊಳೆಯುವ ಪಾರದರ್ಶಕ ಪ್ಯಾಕಿಂಗ್ ಟೇಪಿನ ತುಂಡುಗಳನ್ನು ಒಂದರ ಮೇಲೊಂದು ಹಚ್ಚುತ್ತ ಹೋದರೆ ಪ್ರತಿ ಪದರಕ್ಕೂ ಬಣ್ಣ ಬದಲಾಗುತ್ತದೆ. ಮೊದಲು ಒಂದು ಮೆಟ್ಟಿಲು ಮಾಡಿಕೊಳ್ಳಿ: ಒಂದು ಪದರ, ಎರಡು, ಮೂರು, ಹೀಗೆ ಆರರವರೆಗೆ, 1 ಸೆಂ.ಮೀ. ಬಿಟ್ಟುಬಿಟ್ಟು. ಆ ಟೇಪಿನ ಸುರುಳಿ ಮುಗಿಯುವವರೆಗೂ ಅದೇ ನಿಮ್ಮ ಬಣ್ಣದ ಪೆಟ್ಟಿಗೆ; ಬೇರೆ ಸುರುಳಿ ತಂದರೆ ಬಣ್ಣಗಳು ಬೇರೆ. ಏನೂ ಬಣ್ಣ ಬಾರದಿದ್ದರೆ ಟೇಪಿನ ದಿಕ್ಕು ನೋಡಿ. ಅದು ಪರದೆಯ ಪೋಲರೈಸೇಷನ್ನಿಗೆ 45 ಡಿಗ್ರಿಯಲ್ಲಿ ಇದ್ದಾಗ ಬಣ್ಣ ಗರಿಷ್ಠ, ನೇರಕ್ಕೆ ಸೇರಿದಾಗ ಸೊನ್ನೆ. ಪರದೆಯಿಂದ ಪರದೆಗೆ ಈ ದಿಕ್ಕು ಬೇರೆ ಇರುವುದರಿಂದ ಗಾಜನ್ನೇ ಮೆಲ್ಲಗೆ ತಿರುಗಿಸಿ ಕಂಡುಕೊಳ್ಳುವುದು ಲೇಸು. ಟೇಪಿನ ಕೆಳಗೆ ಉಳಿದ ಗಾಳಿಗುಳ್ಳೆಗಳು ದೊಡ್ಡದಾಗಿ ಕಾಣುತ್ತವೆ. ಪ್ರತಿ ಪದರವನ್ನೂ ಉಗುರಿನ ಬದಲು ಸ್ಕೇಲಿನ ಅಂಚಿನಿಂದ ಒತ್ತಿ.

ಹಂತ 6: ಎಣ್ಣೆ ಮತ್ತು ನೀರು (ಅರ್ಧ ಮುಗಿದದ್ದು)

ಇಲ್ಲಿ ಮಾನಿಟರನ್ನು ದೂರ ಇಡಿ. ಪರದೆಯನ್ನು ಅಡ್ಡ ಮಲಗಿಸಿ ಅದರ ಮೇಲೆ ನೀರಿನ ತಟ್ಟೆ ಇಡುವ ಯೋಚನೆ ಎಲ್ಲರಿಗೂ ಬರುತ್ತದೆ. ಬೇಡ.

ಚಪ್ಪಟೆ ತಳದ ಗಾಜಿನ ತಟ್ಟೆಯನ್ನು ಪುಸ್ತಕಗಳ ಎರಡು ಕಂಬದ ಮೇಲೆ, ಕೆಳಗಿನ ಬಣ್ಣದ ಕಾಗದದಿಂದ 20 ಸೆಂ.ಮೀ. ಎತ್ತರದಲ್ಲಿ ಕೂರಿಸಿ. 2 ಸೆಂ.ಮೀ. ನೀರು, ಐದಾರು ಹನಿ ಅಡುಗೆ ಎಣ್ಣೆ. ಟಾರ್ಚಿನ ಬೆಳಕು ಕಾಗದಕ್ಕೆ ಬೀಳಬೇಕು, ನೀರಿಗೆ ಬೀಳಬಾರದು. ನೀರಿಗೆ ತಾಗಿದರೆ ಪ್ರತಿ ಹನಿಯ ಮೇಲೂ ಬಿಳಿ ಚುಕ್ಕಿ. ನಲ್ಲಿ ನೀರನ್ನು ಕುದಿಸಿ ಆರಿಸಿ ಬಳಸಿ, ಇಲ್ಲದಿದ್ದರೆ ತಟ್ಟೆಯ ತಳಕ್ಕೆ ಗಾಳಿಗುಳ್ಳೆಗಳು ಸಾಲುಗಟ್ಟಿ ಕೂರುತ್ತವೆ. ಕಾಗದ ಎರಡು ಬಣ್ಣದ್ದಾಗಿದ್ದರೆ, ಅರ್ಧ ಕೆಂಪು ಅರ್ಧ ನೀಲಿ ಅನ್ನಿ, ಎರಡು ಬಣ್ಣ ಸೇರುವ ಗೆರೆ ಒಂದೊಂದು ಹನಿಯಲ್ಲೂ ಬೇರೆಬೇರೆಯಾಗಿ ಬಾಗುತ್ತದೆ. ಒಂದೇ ಬಣ್ಣದ ಕಾಗದದಲ್ಲಿ ಈ ಸೊಗಸಿಲ್ಲ.

ಪಾತ್ರೆ ತೊಳೆಯುವ ದ್ರವವನ್ನು ಹಲ್ಲುಕಡ್ಡಿಯ ತುದಿಗೆ ಮುಟ್ಟಿಸಿ ಒಮ್ಮೆ ನೀರಿಗೆ ತಾಗಿಸಿದರೆ ದೊಡ್ಡ ಎಣ್ಣೆ ಹಾಳೆ ಒಡೆದು ಬಿಡಿಬಿಡಿ ದುಂಡು ಹನಿಗಳಾಗುತ್ತದೆ. ಕಡ್ಡಿಯ ತುದಿಯಷ್ಟೇ. ಒಂದು ಪೂರ್ತಿ ಹನಿ ಹಾಕಿ ಕಲಕಿದರೆ ಎಣ್ಣೆ ಹಿಟ್ಟಿನಂತೆ ಪುಡಿಯಾಗಿ ನೀರು ಕದಡುತ್ತದೆ. ಚೆಲ್ಲಿ ಮೊದಲಿಂದ ಶುರು.

50 ಮಿ.ಮೀ. ಲೆನ್ಸಿಗೆ 20 ಮಿ.ಮೀ. ಟ್ಯೂಬು ಸೇರಿಸಿದರೆ, ಲೆನ್ಸಿನ ಸ್ವಂತ ಹಿಗ್ಗಿಸುವಿಕೆಯೂ ಕೂಡಿ ಸುಮಾರು ಅರ್ಧ ಪಟ್ಟು ದೊಡ್ಡದಾಗಿ ಸಿಗುತ್ತದೆ: ಫ್ರೇಮಿನಲ್ಲಿ 47×31 ಮಿ.ಮೀ. ಜಾಗ. ಎಫ್/8ರಲ್ಲಿ ಫೋಕಸ್ಸಿನ ಆಳ ಹೆಚ್ಚೆಂದರೆ 2 ಮಿ.ಮೀ. ಕ್ಯಾಮೆರಾ 3 ಡಿಗ್ರಿ ವಾಲಿದ್ದರೂ ಫ್ರೇಮಿನ ಒಂದು ತುದಿಯಿಂದ ಇನ್ನೊಂದಕ್ಕೆ ಎರಡೂವರೆ ಮಿ.ಮೀ. ಏರುಪೇರು, ಒಂದು ಬದಿ ಮಂಜು. ಕಣ್ಣಂದಾಜು ಸಾಲದು. ತಟ್ಟೆ ಇಡುವ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಟ್ಟು ಕ್ಯಾಮೆರಾದಲ್ಲಿ ನೋಡಿ: ಲೆನ್ಸಿನ ಪ್ರತಿಬಿಂಬ ಫ್ರೇಮಿನ ಸರಿ ನಡುವೆ ಬಂದರೆ ಕ್ಯಾಮೆರಾ ಸಮ. ಆಮೇಲೆ ಕನ್ನಡಿ ತೆಗೆದು ತಟ್ಟೆ ಇಡಿ. ನೀರು ತಾನೇ ಮಟ್ಟ ಹಿಡಿಯುವುದರಿಂದ, ಕನ್ನಡಿ ಇಟ್ಟ ಪುಸ್ತಕ ವಾಲಿದ್ದರೆ ಈ ಪರೀಕ್ಷೆಯೇ ಸುಳ್ಳು. ಪುಸ್ತಕಗಳನ್ನು ಮೊದಲು ಮಟ್ಟಗೋಲಿನಲ್ಲಿ ನೋಡಿಕೊಳ್ಳಿ.

ಈಗ ತೊಂದರೆ. ಟಾರ್ಚಿನ ಬೆಳಕಿಗೆ 1/60ರ ಆಸುಪಾಸಿನ ಶಟರ್ ಬೇಕು, ಅಷ್ಟರಲ್ಲಿ ಹನಿಗಳು ಸರಿದಿರುತ್ತವೆ. ಫ್ಯಾನು, ಫ್ರಿಜ್ಜಿನ ಮೋಟಾರು, ನೆಲದ ಮೇಲಿನ ಹೆಜ್ಜೆ, ಎಲ್ಲವೂ ನೀರಿಗೆ ಗೊತ್ತಾಗುತ್ತದೆ. ಫ್ಲಾಶನ್ನು ಕಾಗದಕ್ಕೆ ಹೊಡೆದರೆ ಎಫ್/8, 1/200, ಐಎಸ್‌ಒ 100ರಲ್ಲಿ ಹನಿಗಳು ಕಲ್ಲಿನಂತೆ ನಿಲ್ಲುತ್ತವೆ, ಆದರೆ ಫ್ಲಾಶು ಕಾಗದದ ಹತ್ತಿರ ಇರುವುದರಿಂದ ಒಂದು ಕಡೆ ಬಣ್ಣ ತೊಳೆದುಹೋಗುತ್ತದೆ. ಫ್ಲಾಶನ್ನು ಬಿಳಿ ಹಾಳೆಗೆ ತಿರುಗಿಸಿ, ಅಲ್ಲಿಂದ ಮರಳಿದ ಬೆಳಕು ಕಾಗದಕ್ಕೆ ಬೀಳುವಂತೆ ಮಾಡಿದರೆ ಬಣ್ಣ ಸಮವಾಗುತ್ತದೆ, ಆದರೆ ತಟ್ಟೆಯ ಕೆಳಗಿನ 20 ಸೆಂ.ಮೀ.ನಲ್ಲಿ ಹಾಳೆ ಹಿಡಿಸುವುದಿಲ್ಲ. ಕಂಬವನ್ನು 35 ಸೆಂ.ಮೀ.ಗೆ ಏರಿಸುವುದು ಮುಂದಿನ ಬದಲಾವಣೆ. ಅಷ್ಟು ಎತ್ತರಕ್ಕೆ ಪುಸ್ತಕದ ಕಂಬ ಅಲುಗುತ್ತದೆ, ಮರದ ಚೌಕಟ್ಟು ಹೊಡೆಯಬೇಕು, ಕಾಲುಗಳ ಕೆಳಗೆ ರಬ್ಬರ್ ಹಾಳೆ.

ಚೌಕಟ್ಟು ಸಿದ್ಧವಾಗುವವರೆಗೆ ಅದೇ ಕಾಗದದ ಮೇಲೆ ನೀರಹನಿ ತೆಗೆಯಬಹುದು. ಅದಕ್ಕೆ ಟಾರ್ಚು ಸಾಕು, ಹನಿ ಓಡಾಡುವುದಿಲ್ಲ. ನೀರು ಮತ್ತು ಗ್ಲಿಸರಿನ್ ಸಮಪಾಲು ಬೆರೆಸಿ ಡ್ರಾಪರಿನಿಂದ ಗಾಜಿನ ಹಾಳೆಯ ಮೇಲೆ 3–5 ಮಿ.ಮೀ. ಹನಿಗಳನ್ನಿಡಿ. ಬರಿ ನೀರು ಹರಡಿ ಬೇಗ ಆರುತ್ತದೆ, ಗ್ಲಿಸರಿನ್ ಬೆರೆತದ್ದು ದುಂಡಗೆ ಕೂತಿರುತ್ತದೆ. 10 ಸೆಂ.ಮೀ. ಕೆಳಗೆ ಯಾವುದಾದರೂ ಚಿತ್ರವನ್ನು ತಲೆಕೆಳಗಾಗಿ ಇಟ್ಟರೆ ಪ್ರತಿ ಹನಿಯೊಳಗೂ ಅದು ನೆಟ್ಟಗೆ ಕಾಣುತ್ತದೆ. ಫೋಕಸ್ ಮಾಡಬೇಕಾದ್ದು ಹನಿಯ ಅಂಚಿಗಲ್ಲ, ಒಳಗಿನ ಚಿತ್ರಕ್ಕೆ. ಅದು ಹನಿಗಿಂತ ಕೆಲವು ಮಿ.ಮೀ. ಕ್ಯಾಮೆರಾದ ಕಡೆಗೇ ನಿಲ್ಲುತ್ತದೆ. ಎರಡೂ ಬೇಕಿದ್ದರೆ ಎರಡು ಶಾಟ್ ತೆಗೆದು ಸೇರಿಸಿ.

ಕೆಲಸ ಮುಗಿದ ಮೇಲೆ ಎಣ್ಣೆಯ ತಟ್ಟೆಯನ್ನು ಸೋಪು ಹಾಕಿ ತೊಳೆದು, ಆ ಸೋಪು ಪೂರ್ತಿ ಹೋಗುವವರೆಗೆ ಬಿಸಿನೀರಿನಲ್ಲಿ ಜಾಲಾಡಿ. ಅದರ ಲೇಪ ಒಂದಿಷ್ಟು ಉಳಿದರೂ ಮುಂದಿನ ಸಲ ಎಣ್ಣೆ ಕಡ್ಡಿ ತಾಗಿಸುವ ಮೊದಲೇ ಪುಡಿಯಾಗಿರುತ್ತದೆ.